ಸಾಳುವ: ಕಲ್ಯಾಣದ ಡೇಗೆ, ಬ್ರಿಸ್ಬೇನಿನ ಹದ್ದು

ಸಂಗಮ, ಸಾಳುವ, ತುಳುವ, ಅರವೀಡು. ವಿಜಯನಗರವನ್ನು ಆಳಿದ ನಾಲ್ಕು ವಂಶಗಳ ಈ ಪಟ್ಟಿಯನ್ನು ನಮ್ಮ ತಲೆಮಾರಿನವರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಸಂಗಮನೆಂಬುದು ಹರಿಹರ ಬುಕ್ಕರ ತಂದೆಯ ಹೆಸರು. ತುಳುವ ಎಂದೊಡನೆ ನಾಡೊಂದು ಕಣ್ಣಮುಂದೆ ಬರುತ್ತದೆ. ಆದರೆ ಸಾಳುವ ಎಂದರೇನೆಂದು ಯಾವ ಮೇಷ್ಟ್ರೂ ಹೇಳಿಕೊಟ್ಟ ನೆನಪಿಲ್ಲ, ನಾವೂ ಕೇಳಲಿಲ್ಲ. ನಿಘಂಟು ತೆರೆದರೆ ಅರ್ಥ ಸರಳವಾಗಿದೆ: ಸಾಳುವವೆಂದರೆ ಬೇಟೆಗೆ ಬಳಸುವ ಒಂದು ಜಾತಿಯ ಗಿಡುಗ. 1485ರಲ್ಲಿ ಸಂಗಮರ ಕೊನೆಯ ಅರಸನನ್ನು ಕೆಳಗಿಳಿಸಿ ಸಿಂಹಾಸನವೇರಿದ ಸಾಳುವ ನರಸಿಂಹ, ಕರಾವಳಿಯ ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರನ್ನೂ ಮಣಿಸಿದ ಗೇರುಸೊಪ್ಪೆಯ ಸಾಳುವ ವಂಶದ ರಾಣಿ ಚೆನ್ನಭೈರಾದೇವಿ, ಇವರೆಲ್ಲರೂ ತಮ್ಮ ಹೆಸರಿನೊಡನೆ ಒಂದು ಹಕ್ಕಿಯನ್ನು ಹೊತ್ತು ನಡೆದವರು.

ಈ ವಿಷಯ ನಮ್ಮ ತಲೆಗೆ ಹತ್ತಿದ್ದು ಗ್ರಂಥಾಲಯದಲ್ಲಲ್ಲ. ಕಳೆದ ವರ್ಷ ವೃತ್ತಿಯ ನಿಮಿತ್ತ ಆಸ್ಟ್ರೇಲಿಯದ ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳಿಗೆ ಹೋಗಬೇಕಾಯಿತು. ಆಸ್ಪತ್ರೆ, ಸಭಾಂಗಣ, ವಿಮಾನ ನಿಲ್ದಾಣ ಇಷ್ಟರಲ್ಲೇ ಮುಗಿಯಬೇಕಾಗಿದ್ದ ಆ ಪ್ರವಾಸದಲ್ಲಿ ಬ್ರಿಸ್ಬೇನಿನ ಒಂದು ಭಾನುವಾರ ಬಿಡುವಾಗಿತ್ತು. ಅಲ್ಲಿಯ ಕನ್ನಡ ಕುಟುಂಬವೊಂದು ನಮ್ಮನ್ನು ನಗರದ ದಕ್ಷಿಣಕ್ಕಿರುವ ಬೆಟ್ಟಸೀಮೆಗೆ, ಬೇಟೆಹಕ್ಕಿಗಳನ್ನು ಸಾಕಿ ಹಾರಿಸುವ ಒಂದು ತಾಣಕ್ಕೆ ಕರೆದೊಯ್ದಿತು. ಆ ದಿನದ ವಿಷಯ ಮುಂದೆ ಬರಲಿದೆ. ಅದಕ್ಕೆ ಮೊದಲು ಕಲ್ಯಾಣಕ್ಕೆ ಹೋಗಿಬರುವುದು ಒಳ್ಳೆಯದು.

ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ ಅಲ್ಲಿಂದ ಆಳುತ್ತಿದ್ದಾಗ, 1129ರಲ್ಲಿ, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನಮ್ಮ ಸದಸ್ಯ ಬಂಧುಗಳಲ್ಲಿ ಹಲವರಿಗೆ ಈ ಗ್ರಂಥ ದೋಸೆಯ ಮೂಲಕ ಪರಿಚಿತ. ಇಡ್ಲಿಯ ಹಳೆಯ ರೂಪವಾದ ಇಡ್ಡರಿಕೆಯೂ ದೋಸೆಯ ಪೂರ್ವಜವಾದ ಧೋಸಕವೂ ಅದರ ಅನ್ನಭೋಗದ ಅಧ್ಯಾಯದಲ್ಲಿ ಬರುತ್ತವೆಂದು ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ನೆನಪಿಸುತ್ತಾರೆ. ಆದರೆ ನೂರು ಅಧ್ಯಾಯಗಳ ಆ ಗ್ರಂಥ ಅಡುಗೆಮನೆಗೆ ಸೀಮಿತವಾದುದಲ್ಲ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ನಾಲ್ಕನೆಯದು ಪೂರ್ತಿಯಾಗಿ ಅರಸನ ವಿನೋದಗಳಿಗೆ ಮೀಸಲು: ಮಲ್ಲಯುದ್ಧ, ಕೋಳಿ ಅಂಕ, ಟಗರು ಕಾಳಗ, ಪಾರಿವಾಳ, ಬೇಟೆನಾಯಿ, ಗಾಳದ ಮೀನು, ಸಂಗೀತ, ನೃತ್ಯ, ಕಥೆ. ನಾಯಿಯ ವಿನೋದಕ್ಕೂ ಮೀನಿನ ವಿನೋದಕ್ಕೂ ನಡುವೆ ಕುಳಿತಿದೆ ಶ್ಯೇನವಿನೋದ. ಗಿಡುಗಗಳಿಂದ ಹಕ್ಕಿಗಳನ್ನು ಹಿಡಿಸುವ ಆಟವದು. ಕನ್ನಡದಲ್ಲಿ ಅದಕ್ಕೆ ಡೇಗೆವೇಂಟೆಯೆಂದು ಹೆಸರು, ಡೇಗೆಯೂ ಗಿಡುಗವೇ.

ಕಾಲವನ್ನು ಸ್ವಲ್ಪ ಗಮನಿಸಬೇಕು. ಯೂರೋಪಿನಲ್ಲಿ ಈ ವಿದ್ಯೆಯ ಮಹಾಗ್ರಂಥವೆಂದು ಎಲ್ಲರೂ ಕೊಂಡಾಡುವ ಪುಸ್ತಕವನ್ನು ಬರೆದವನು ಹೋಹೆನ್‌ಸ್ಟೌಫೆನ್ ವಂಶದ ಚಕ್ರವರ್ತಿ ಎರಡನೆಯ ಫ್ರೆಡರಿಕ್. ಅದು 1240ರ ದಶಕದ್ದು. ಕಲ್ಯಾಣದ ಚಕ್ರವರ್ತಿ ತನ್ನ ಗಿಡುಗಗಳ ಅಧ್ಯಾಯವನ್ನು ಅದಕ್ಕಿಂತ ನೂರು ವರ್ಷಕ್ಕೂ ಮೊದಲೇ ಬರೆದು ಮುಗಿಸಿದ್ದನು. ಇಬ್ಬರೂ ರಾಜ್ಯವಾಳುವುದರ ಜೊತೆಗೆ ಹಕ್ಕಿಯನ್ನು ಕುತೂಹಲದಿಂದ ನೋಡಿದವರು. ಫ್ರೆಡರಿಕ್‌ನ ಹೆಸರು ಪ್ರಪಂಚದ ಬೇಟೆಹಕ್ಕಿ ಪ್ರಿಯರೆಲ್ಲರಿಗೂ ಗೊತ್ತು. ಸೋಮೇಶ್ವರನದು ನಮಗೇ ಗೊತ್ತಿಲ್ಲ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಅವರು ತಮ್ಮ ಪುಸ್ತಕವನ್ನು ಓದುತ್ತ ಬಂದರು, ನಾವು ದೋಸೆಯ ಪುಟಕ್ಕೆ ನಿಂತೆವು, ಅಷ್ಟೆ.

ಸಾಳುವ ವಂಶದ ಬೇರು ಕೂಡ ಕಲ್ಯಾಣದ ಸೀಮೆಯಲ್ಲೇ ಇತ್ತೆಂದು ಗೋರಂಟ್ಲದ ಶಾಸನದ ಆಧಾರದಿಂದ ಇತಿಹಾಸಕಾರರು ಹೇಳುತ್ತಾರೆ. ಚಾಲುಕ್ಯರ ಮತ್ತು ಕಲಚುರಿಗಳ ಕಾಲಕ್ಕೆ ಅಲ್ಲಿದ್ದ ಮನೆತನವೊಂದು ಗಿಡುಗದ ಹೆಸರು ಹೊತ್ತು ದಕ್ಷಿಣಕ್ಕೆ ಬಂದಿತೆಂದರೆ, ಆ ಆಸ್ಥಾನದ ಶ್ಯೇನವಿನೋದ ಬರಿಯ ಪುಸ್ತಕದ ಮಾತಾಗಿರಲಿಲ್ಲವೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ. ಆದರೆ ಜನ ತಮಗೆ ಪರಿಚಯವಿಲ್ಲದ ಹಕ್ಕಿಯ ಹೆಸರನ್ನು ಮನೆತನಕ್ಕೆ ಇಟ್ಟುಕೊಳ್ಳುವುದಿಲ್ಲ.

ಇನ್ನು ವಿಜಾಪುರ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನು ಸಂಗೀತಪ್ರಿಯನೆಂದೂ ‘ಕಿತಾಬ್-ಎ-ನವರಸ್’ ಬರೆದವನೆಂದೂ ನಾವು ಬಲ್ಲೆವು. ಅವನು ಕುದುರೆಯೇರಿ, ಮುಂಗೈಯ ಮೇಲೆ ಗಿಡುಗವನ್ನಿಟ್ಟುಕೊಂಡು ಹೊರಟಿರುವ ಚಿತ್ರವೊಂದಿದೆ. ದಖನ್ನಿನ ಚಿತ್ರಕಲೆಯ ರತ್ನಗಳಲ್ಲಿ ಅದೂ ಒಂದು. ಅದನ್ನು ಬರೆದವನು ಫರೂಕ್ ಹುಸೇನ್. ಚಿತ್ರ ಈಗ ಇರುವುದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಸೋಮೇಶ್ವರನಿಂದ ಇಬ್ರಾಹಿಮನವರೆಗೆ ನಾನ್ನೂರೈವತ್ತು ವರ್ಷ. ಧರ್ಮ, ಭಾಷೆ, ಉಡುಪು ಎಲ್ಲವೂ ಬದಲಾದ ಆ ಅವಧಿಯಲ್ಲಿ ಅರಸನ ಮುಂಗೈಯ ಮೇಲಿನ ಹಕ್ಕಿ ಮಾತ್ರ ಇಳಿಯಲಿಲ್ಲ.

ಈಗ ಬ್ರಿಸ್ಬೇನಿನ ಆ ದಿನಕ್ಕೆ ಬರೋಣ.

ಮುಂಜಾನೆ ನಾವು ಮೊದಲು ಕಂಡದ್ದು ಹಕ್ಕಿಯನ್ನಲ್ಲ, ತಕ್ಕಡಿಯನ್ನು. ಪ್ರತಿಯೊಂದು ಹಕ್ಕಿಯನ್ನೂ ಹಾರಿಸುವ ಮೊದಲು ತೂಗಿ, ಗ್ರಾಮಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಹಿಂದಿನ ದಿನದ ತೂಕ, ತಿಂದ ಮಾಂಸ, ಕಕ್ಕಿದ ಉಂಡೆ, ಹಿಕ್ಕೆಯ ಬಣ್ಣ, ಎಲ್ಲಕ್ಕೂ ಒಂದೊಂದು ಕಾಲಂ. ಐಸಿಯು ವಾರ್ಡಿನ ಚಾರ್ಟು ನೋಡಿ ಬೆಳೆದ ನಮಗೆ ಅಲ್ಲಿಯೇ ಅರ್ಧ ವಿಶ್ವಾಸ ಬಂತು. ಹೊಟ್ಟೆ ತುಂಬಿದ ಹಕ್ಕಿ ಮರವೇರಿ ಕುಳಿತರೆ ಸಂಜೆಯವರೆಗೂ ಇಳಿಯುವುದಿಲ್ಲ. ತೂಕ ತೀರ ಇಳಿದ ಹಕ್ಕಿ ಹಾರಲಾರದೆ ಕಾಯಿಲೆ ಬೀಳುತ್ತದೆ. ಈ ಎರಡರ ನಡುವಿನ ಸಣ್ಣ ಅಂತರದಲ್ಲಿ ಇಡೀ ವಿದ್ಯೆ ನಿಂತಿದೆ. ಬೇಟೆಹಕ್ಕಿ ನಾಯಿಯಂತೆ ಒಡೆಯನನ್ನು ಮೆಚ್ಚಿಸಲು ಬರುವುದಿಲ್ಲ, ಹೊಡೆದರೆ ಕಲಿಯುವುದಂತೂ ಇಲ್ಲವೇ ಇಲ್ಲ. ಕೈಗವಸಿನ ಮೇಲೆ ಮಾಂಸವಿದೆ, ಅಲ್ಲಿ ಅಪಾಯವಿಲ್ಲ ಎಂಬ ಎರಡೇ ಸಂಗತಿಗಳನ್ನು ನಂಬಿ ಅದು ಮರಳುತ್ತದೆ. ಒಮ್ಮೆ ಆ ನಂಬಿಕೆ ಕೆಟ್ಟರೆ ಅದಕ್ಕೆ ಆಕಾಶವೆಲ್ಲ ತೆರೆದೇ ಇದೆ.

ಅಲ್ಲಿಯ ತರಬೇತುಗಾರ್ತಿ ನಮ್ಮ ಎಡಗೈಗೆ ದಪ್ಪ ಚರ್ಮದ ಗವಸು ತೊಡಿಸಿ, ಕಂದುಬಣ್ಣದ ಒಂದು ಹಕ್ಕಿಯನ್ನು ಕರೆದರು. ಎಪ್ಪತ್ತು ಎಂಬತ್ತು ಅಡಿ ದೂರದ ಕಂಬದಿಂದ ಅದು ನೆಲಕ್ಕೆ ತಾಗುವಂತೆ ಇಳಿದು, ಕೊನೆಯಲ್ಲಿ ಮೇಲಕ್ಕೆದ್ದು, ಕವಲುಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಂಗೈಗೆ ಬಂದು ಕುಳಿತಿತು. ಭಾರವೆಂಬುದೇ ಇಲ್ಲ, ಸುಮಾರು 600 ಗ್ರಾಂ. ಕಣ್ಣು ಮಾತ್ರ ಒಂದು ಮೊಳದ ದೂರದಲ್ಲಿ ನಮ್ಮನ್ನು ಅಳೆಯುತ್ತಿತ್ತು. ಯಾವ ಹಕ್ಕಿಯೆಂದು ಕೇಳಿದೆವು.

“ಬ್ಲ್ಯಾಕ್ ಕೈಟ್” ಎಂದರು ಆಕೆ. “ನಿಮ್ಮ ದೇಶದಲ್ಲೂ ಇರಬೇಕಲ್ಲ?”

ಇರದೆ ಏನು! ಬೆಂಗಳೂರಿನ ಮಾಂಸದ ಅಂಗಡಿಗಳ ಮೇಲೆ, ರಸೆಲ್ ಮಾರುಕಟ್ಟೆಯ ಮೇಲೆ, ನಮ್ಮ ಕಾಲೇಜು ಹಾಸ್ಟೆಲಿನ ನೀರಿನ ಟ್ಯಾಂಕಿನ ಮೇಲೆ ದಿನವಿಡೀ ಸುತ್ತುತ್ತಿದ್ದ ಅದೇ ಹದ್ದು. ಜಾತಿ ಒಂದೇ, ವೈಜ್ಞಾನಿಕ ಹೆಸರೂ ಒಂದೇ, ಮಿಲ್ವಸ್ ಮೈಗ್ರಾನ್ಸ್. ಊರಿನಲ್ಲಿ ಇಪ್ಪತ್ತು ವರ್ಷ ತಲೆಯೆತ್ತಿ ನೋಡದ ಹಕ್ಕಿಯನ್ನು ಒಂಬತ್ತು ಸಾವಿರ ಕಿಲೋಮೀಟರಿಗೂ ಆಚೆ ಟಿಕೆಟು ಕೊಂಡು ನೋಡುತ್ತಿದ್ದೆವು. ನಮ್ಮನ್ನು ಕರೆತಂದ ಮನೆಯ ಹುಡುಗಿ, ಎಂಟು ವರ್ಷದವಳು, “ಡಾಕ್ಟರ್ ಅಂಕಲ್, ಇದೇನಾ ಗರುಡ?” ಎಂದು ಕೇಳಿದಳು. ಅಲ್ಲವೆಂದು ವಿವರಿಸಿದೆವು. ವಿಷ್ಣುವಿನ ವಾಹನವೆಂದು ನಮ್ಮ ಹಿರಿಯರು ಕೈಮುಗಿದು ಕೆನ್ನೆ ಮುಟ್ಟಿಕೊಳ್ಳುವ ಗರುಡ, ಬಿಳಿಯ ತಲೆ, ಬಿಳಿಯ ಎದೆ, ಇಟ್ಟಿಗೆಗೆಂಪು ರೆಕ್ಕೆಯ ಬೇರೊಂದು ಹಕ್ಕಿ. ಅದೂ ಆಸ್ಟ್ರೇಲಿಯದಲ್ಲಿದೆ, ಬ್ರಿಸ್ಬೇನಿನ ಮಡಿಲಲ್ಲೇ ಇರುವ ಮೋರ್ಟನ್ ಕೊಲ್ಲಿಯ ದಂಡೆಯಲ್ಲಿ ಹಾರಾಡುತ್ತದೆ. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಅಲ್ಲಿ ಹೊತ್ತು ಹೋಗುವುದಿಲ್ಲವೆಂದು ಕೊರಗುವ ಸದಸ್ಯರು ಒಂದು ಸಂಜೆ ಅವರನ್ನು ಕೊಲ್ಲಿಯ ದಡಕ್ಕೆ ಕರೆದೊಯ್ಯಬಹುದು.

ಆ ದಿನ ಕಂಡ ಇನ್ನೆರಡು ಹಕ್ಕಿಗಳನ್ನು ಹೇಳಲೇಬೇಕು. ಒಂದು, ಎದೆ ಕಪ್ಪಾದ ಬಜರ್ಡ್. ಎಮು ಹಕ್ಕಿಯ ಗಟ್ಟಿ ಮೊಟ್ಟೆಯ ಮೇಲೆ ಕೊಕ್ಕಿನಿಂದ ಕಲ್ಲೆತ್ತಿ ಹಾಕಿ ಒಡೆಯುತ್ತದೆ. ಯಾರೂ ಕಲಿಸದೆ ಬಂದ ಬುದ್ಧಿಯಂತೆ. ಇನ್ನೊಂದು, ಬೆಣೆಯಾಕಾರದ ಬಾಲದ ವೆಜ್‌ಟೇಲ್ ಹದ್ದು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕಿ ಹರವು. ಅದನ್ನು ಹೊರುವಾಗ ಎಡಗೈಗೆ ಬಲಗೈ ಆಸರೆ ಕೊಡಬೇಕಾಗುತ್ತದೆ. ಅದರ ಪಾದದ ಹಿಡಿತ ಗವಸಿನೊಳಗಿನ ಬೆರಳಿಗೆ ತಿಳಿಯುತ್ತಿತ್ತು.

ಇಲ್ಲಿ ಒಂದು ವಿಚಿತ್ರ. ಕೈಮೇಲೆ ಹಕ್ಕಿ ಕೂರಿಸಿ ಬೇಟೆಯಾಡುವ ಪರಂಪರೆ ಆಸ್ಟ್ರೇಲಿಯದಲ್ಲಿಲ್ಲ. ಪರವಾನಗಿಯಿಲ್ಲದೆ ಬೇಟೆಹಕ್ಕಿಯನ್ನು ಸಾಕುವಂತೆಯೇ ಇಲ್ಲ. ಪ್ರದರ್ಶನ, ಶಿಕ್ಷಣ, ಚಿಕಿತ್ಸೆ ಇವಕ್ಕೇ ಹೆಚ್ಚಾಗಿ ಅನುಮತಿ. ಆದರೆ ಕಾರಿಗೆ ತಾಗಿ ರೆಕ್ಕೆ ಮುರಿದ ಚಾಣ ಮೂಳೆ ಕೂಡಿದ ಮಾತ್ರಕ್ಕೆ ಬದುಕುವುದಿಲ್ಲ. ತಿಂಗಳುಗಟ್ಟಲೆ ಪಂಜರದಲ್ಲಿದ್ದ ಹಕ್ಕಿಯ ಸ್ನಾಯು ಸೊರಗಿರುತ್ತದೆ. ಹಾಗೆಯೇ ಬಿಟ್ಟರೆ ವಾರದೊಳಗೆ ಹಸಿವಿನಿಂದ ಸಾಯುತ್ತದೆ. ಅದಕ್ಕೆ ವ್ಯಾಯಾಮ ಬೇಕು. ಕಾಲಿಗೆ ಚರ್ಮದ ಪಟ್ಟಿ, ಪಟ್ಟಿಗೆ ಉದ್ದನೆಯ ದಾರ, ದಿನದಿನವೂ ಹೆಚ್ಚುವ ದೂರ, ಪ್ರತಿ ಹಾರಾಟದ ಕೊನೆಗೆ ಒಂದು ತುಣುಕು ಮಾಂಸ, ಬೆಳಗ್ಗೆ ತೂಕ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರಿಗೆ ಫಿಸಿಯೋಥೆರಪಿ ಮಾಡಿಸುವ ಕ್ರಮ ಇದಕ್ಕಿಂತ ಬೇರೆಯಲ್ಲ. ಅರಸರು ಕೊಲ್ಲಲು ಕಲಿತ ವಿದ್ಯೆಯ ಒಂದೊಂದು ಉಪಾಯವೂ ಅಲ್ಲಿ ಬದುಕಿಸಲು ಬಳಕೆಯಾಗುತ್ತಿತ್ತು. ಭಾರತದಲ್ಲಿ ಇದರ ಬೀಜವೂ ಇತ್ತೆನ್ನಬೇಕು. ಹದಿನಾರನೆಯ ಶತಮಾನದಲ್ಲಿ ಕುಮಾವೂನಿನ ಅರಸ ರುದ್ರದೇವ ಬರೆದ ‘ಶ್ಯೈನಿಕ ಶಾಸ್ತ್ರ’ದಲ್ಲಿ ಗಿಡುಗಗಳ ರೋಗ ಮತ್ತು ಚಿಕಿತ್ಸೆಯ ಭಾಗವುಂಟು; ಹರಪ್ರಸಾದ ಶಾಸ್ತ್ರಿಗಳು ಅದನ್ನು 1910ರಲ್ಲಿ ಕಲ್ಕತ್ತೆಯಿಂದ ಅನುವಾದ ಸಹಿತ ಪ್ರಕಟಿಸಿದರು. ಬೇಟೆಗಾರನಾದವನು ವೈದ್ಯನೂ ಆಗದೆ ಗತ್ಯಂತರವಿರಲಿಲ್ಲ.

ಈ ಅಕ್ಕರೆ ಆಸ್ಟ್ರೇಲಿಯಕ್ಕೆ ತಡವಾಗಿ ಬಂದದ್ದು. ಅದು ನಮಗೆ ತಿಳಿದದ್ದು ಪರ್ತಿನಲ್ಲಿ. ಆ ನಗರದ ಫುಟ್‌ಬಾಲ್ ತಂಡದ ಹೆಸರೇ ವೆಸ್ಟ್ ಕೋಸ್ಟ್ ಈಗಲ್ಸ್; ಮಕ್ಕಳ ಅಂಗಿಯ ಮೇಲೆ, ಕಾರುಗಳ ಹಿಂದೆ ಎಲ್ಲೆಲ್ಲೂ ಹದ್ದು. ಅದೇ ಪಶ್ಚಿಮ ಆಸ್ಟ್ರೇಲಿಯದಲ್ಲಿ 1928ರಿಂದ 1968ರವರೆಗಿನ ನಲವತ್ತು ವರ್ಷಗಳಲ್ಲಿ ಸುಮಾರು 1 ಲಕ್ಷ 47 ಸಾವಿರ ವೆಜ್‌ಟೇಲ್ ಹದ್ದುಗಳನ್ನು ಕೊಂದು ತಂದವರಿಗೆ ಸರಕಾರ ಬಹುಮಾನದ ಹಣ ಕೊಟ್ಟಿತು. ಕುರಿಮರಿಗಳನ್ನು ಹೊತ್ತೊಯ್ಯುತ್ತವೆಂಬುದು ಆರೋಪ. ಮುಂದೆ ನಡೆದ ಅಧ್ಯಯನಗಳಲ್ಲಿ ಅವುಗಳ ಮುಖ್ಯ ಆಹಾರ ಮೊಲವೆಂದೂ, ತಿಂದ ಕುರಿಮರಿಗಳಲ್ಲಿ ಹೆಚ್ಚಿನವು ಸತ್ತವು ಇಲ್ಲವೆ ಸಾಯುವ ಸ್ಥಿತಿಯಲ್ಲಿದ್ದವೆಂದೂ ಕಂಡುಬಂತು. ಆ ಮೊಲಗಳನ್ನು ಯೂರೋಪಿನಿಂದ ತಂದು ಬಿಟ್ಟವರೂ ವಲಸಿಗರೇ. ಹದ್ದು ಅವರ ಪರವಾಗಿ ದುಡಿಯುತ್ತಿತ್ತು.

ಆ ನೆಲದ ಮೊದಲ ಜನರಿಗೆ ಹದ್ದಿನ ಬಗ್ಗೆ ಇಂಥ ಗೊಂದಲವಿರಲಿಲ್ಲ. ಪರ್ತ್ ಸೀಮೆಯ ನೂಂಗಾರ್ ಜನ ಅದನ್ನು ವಾಲಿಚ್ ಎನ್ನುತ್ತಾರೆ. ಮಧ್ಯ ಆಸ್ಟ್ರೇಲಿಯದ ಅರೆರ್ಂಟ ಜನರಿಗೆ ದಕ್ಷಿಣದ ಆಕಾಶದ ಸದರ್ನ್ ಕ್ರಾಸ್ ನಕ್ಷತ್ರಗಳು ಹದ್ದಿನ ಪಾದ. ನಮ್ಮ ಶ್ರವಣ ನಕ್ಷತ್ರವೂ ಪಾಶ್ಚಾತ್ಯರು ಹದ್ದೆಂದು ಕರೆಯುವ ನಕ್ಷತ್ರಪುಂಜದಲ್ಲೇ ಇದೆ. ಅದರ ಅಧಿದೇವತೆ ಗರುಡವಾಹನನಾದ ವಿಷ್ಣು. ಇವುಗಳ ನಡುವೆ ಸಂಬಂಧ ಕಲ್ಪಿಸುವ ಉತ್ಸಾಹ ನಮಗಿಲ್ಲ. ರಾತ್ರಿ ಅಂಗಳದಲ್ಲಿ ಮಲಗಿ ಮೇಲೆ ನೋಡುವ ಅಭ್ಯಾಸವಿದ್ದ ಜನಕ್ಕೆಲ್ಲ ಹದ್ದು ಕಂಡಿತ್ತು, ಅಷ್ಟೇ.

ಕೊಲ್ಲುವ ಬಂದೂಕಿಗಿಂತ ದೊಡ್ಡ ಅಪಾಯ ಬಾಟಲಿಯಲ್ಲಿ ಬಂತು. ಎರಡನೆಯ ಮಹಾಯುದ್ಧದ ಅನಂತರ ಹೊಲಗಳಿಗೆ ಸುರಿದ ಡಿಡಿಟಿ, ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಪೆರೆಗ್ರಿನ್ ಚಾಣಕ್ಕೆ ಏರಿ, ಅದರ ಮೊಟ್ಟೆಯ ಚಿಪ್ಪನ್ನು ತೆಳುಮಾಡಿತು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ಇದನ್ನು ಅಳೆದು ತೋರಿಸಿದರು. ಅಮೆರಿಕದ ಪೂರ್ವಭಾಗದಲ್ಲಿ ಈ ಚಾಣದ ಗೂಡೇ ಉಳಿಯಲಿಲ್ಲ. ಆಗ ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಸಂಗಡಿಗರು 1970ರಲ್ಲಿ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಕಟ್ಟಿ, ಸಾಕಿದ ಚಾಣಗಳಿಂದ ಮರಿ ಮಾಡಿಸಿ ಕಾಡಿಗೆ ಬಿಟ್ಟರು. ಅವರಲ್ಲಿ ಬಹುಮಂದಿ ಡೇಗೆವೇಂಟೆಯ ಹವ್ಯಾಸಿಗಳು. ಮರಿಯನ್ನು ಹೇಗೆ ತಿನ್ನಿಸಬೇಕು, ಯಾವಾಗ ಹಾರಲು ಬಿಡಬೇಕು ಎಂಬುದು ಪ್ರಯೋಗಶಾಲೆಗೆ ತಿಳಿದಿರಲಿಲ್ಲ, ಆ ಹವ್ಯಾಸಿಗಳಿಗೆ ತಿಳಿದಿತ್ತು. 1999ರಲ್ಲಿ ಪೆರೆಗ್ರಿನ್ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ಭಾರತದ ಕಥೆ ಬೇರೆ. ಇಲ್ಲಿ ಮಾತಾಡುವಾಗ ವೈದ್ಯರಾದ ನಮಗೆ ಸ್ವಲ್ಪ ಮುಜುಗರ, ಏಕೆಂದರೆ ಔಷಧ ನಮ್ಮ ಚೀಟಿಯದ್ದೇ. ಮೊಣಕಾಲು ನೋವು, ಬೆನ್ನು ನೋವೆಂದು ಬಂದವರಿಗೆ ದಿನಾಲೂ ಬರೆಯುವ ಡೈಕ್ಲೋಫೆನಾಕನ್ನು ದನಗಳಿಗೂ ಚುಚ್ಚತೊಡಗಿದರು. ಆ ದನ ಸತ್ತರೆ ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋಲುತ್ತದೆ. ಯೂರಿಕ್ ಆಮ್ಲ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ. 1992 ಮತ್ತು 2007ರ ನಡುವೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು ಇಲ್ಲವಾದವು. ಕಾರಣ ಪತ್ತೆಯಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ಪಶುವೈದ್ಯಕೀಯ ಡೈಕ್ಲೋಫೆನಾಕನ್ನು ಭಾರತ 2006ರಲ್ಲಿ ನಿಷೇಧಿಸಿತು. ಕೋಟಿಗಟ್ಟಲೆ ಹಕ್ಕಿ ಊರ ಹೊರಗಿನ ಆಕಾಶದಿಂದ ಮಾಯವಾಗುತ್ತಿದ್ದಾಗ ಬಹುಪಾಲು ಊರುಗಳಲ್ಲಿ ಯಾರೂ ತಲೆಯೆತ್ತಿ ಎಣಿಸಲಿಲ್ಲ. ಪ್ರತಿದಿನ ಹಕ್ಕಿಯನ್ನು ತೂಗಿ ಬರೆದಿಡುವ ಜನ ಒಂದು ನಾಡಿನಲ್ಲಿ ಉಳಿದಿದ್ದರೆ ಇಷ್ಟು ತಡವಾಗುತ್ತಿತ್ತೇ ಎಂಬ ಪ್ರಶ್ನೆ ನಮ್ಮನ್ನು ಬಿಡುತ್ತಿಲ್ಲ. ಬೇಟೆ ಮತ್ತೆ ಬರಲೆಂಬ ಆಸೆ ನಮಗಿಲ್ಲ. 1972ರ ವನ್ಯಜೀವಿ ಕಾಯಿದೆ ಅದಕ್ಕೆ ಬಾಗಿಲು ಹಾಕಿದ್ದು ಸರಿಯೇ. ಆದರೆ ಬೇಟೆಯ ಜೊತೆಗೆ ನೋಟವೂ ಹೋಯಿತು.

ಪದಗಳೂ ಹೋದವು. ಅಡಿಲೇಡಿನಲ್ಲಿ ಸಿಕ್ಕ ಒಂದು ಸಂಗತಿಯಿಂದ ಈ ಮಾತು ನಮಗೆ ತಟ್ಟಿತು. ಆ ನಗರ ನಿಂತಿರುವುದು ಕೌರ್ನ ಜನರ ನೆಲದ ಮೇಲೆ. 1840ರಲ್ಲಿ ಟೈಖೆಲ್‌ಮನ್ ಮತ್ತು ಶೂರ್ಮನ್ ಎಂಬ ಇಬ್ಬರು ಜರ್ಮನ್ ಮಿಷನರಿಗಳು ಕೌರ್ನ ಭಾಷೆಯ ವ್ಯಾಕರಣ ಮತ್ತು ಪದಕೋಶವನ್ನು ಅಡಿಲೇಡಿನಲ್ಲೇ ಅಚ್ಚು ಹಾಕಿಸಿದರು. ಕೆಲವೇ ದಶಕಗಳಲ್ಲಿ ಭಾಷೆ ದಿನಬಳಕೆಯಿಂದ ಮರೆಯಾಯಿತು. ನೂರು ವರ್ಷಕ್ಕೂ ಮಿಕ್ಕಿ ಮೌನವಾಗಿದ್ದ ಆ ಭಾಷೆಯನ್ನು ಕೌರ್ನ ಜನರು ಇದೇ ಪುಸ್ತಕವನ್ನು ಹಿಡಿದು ಈಗ ಮತ್ತೆ ಕಲಿಯುತ್ತಿದ್ದಾರೆ, ಮಕ್ಕಳಿಗೆ ಕಲಿಸುತ್ತಿದ್ದಾರೆ. ಅದರಲ್ಲಿ ಹದ್ದಿಗೆ ‘ವಿಲ್ಟೊ’ ಎಂಬ ಪದವಿದೆ. ಈಗ ‘ವಿರ್ಲ್ಟು’ ಎಂದು ಬರೆಯುತ್ತಾರೆ.

ನಮಗೂ ಒಬ್ಬ ಜರ್ಮನ್ ಮಿಷನರಿ ಇದ್ದಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟೆಲರ ನಿಘಂಟು ನಮ್ಮ ಅನೇಕ ಮನೆಗಳ ಕಪಾಟಿನಲ್ಲಿದೆ. ಕನ್ನಡವೇನೂ ಮೌನವಾಗಿಲ್ಲ, ಕೋಟಿಗಟ್ಟಲೆ ಜನ ಆಡುವ ಭಾಷೆ. ಆದರೂ ಗಿಡುಗ, ಡೇಗೆ, ಸಾಳುವ, ಚಾಣ, ಬಿಜ್ಜು ಎಂಬ ಹೆಸರುಗಳಲ್ಲಿ ಎಷ್ಟು ನಮ್ಮ ಬಾಯಲ್ಲಿವೆ? ಎಲ್ಲಕ್ಕೂ ‘ಹದ್ದು’ ಎಂದುಬಿಡುತ್ತೇವೆ, ಮಕ್ಕಳು ‘ಈಗಲ್’ ಎನ್ನುತ್ತಾರೆ. ಬಿಜ್ಜು ಎಂಬುದು ಊರಿನ ಮಾವಿನ ತೋಪಿನಲ್ಲಿ ಅಳಿಲಿಗೆ ಹೊಂಚುಹಾಕಿ ಕೂರುವ ಶಿಕ್ರಾ ಹಕ್ಕಿ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಬೆಳಗ್ಗೆ ಕಾಫಿಯ ಹೊತ್ತಿಗೆ ಅಳಿಲುಗಳು ಒಮ್ಮೆಲೇ ಕಿರಿಚಿದರೆ ತಲೆಯೆತ್ತಿ ನೋಡಬಹುದು. ರಾಮನಗರದ ರಾಮದೇವರಬೆಟ್ಟಕ್ಕೂ ಹೋಗಬಹುದು. ‘ಶೋಲೆ’ ಚಿತ್ರ ತೆಗೆದ ಬಂಡೆಗಳೆಂದು ನಮ್ಮವರು ನೆನೆಯುವ ಆ ಬೆಟ್ಟಸಾಲಿನಲ್ಲಿ 2012ರಿಂದ ರಣಹದ್ದುಗಳ ಧಾಮವಿದೆ. ಉಳಿದಿರುವವು ಕೈಬೆರಳಿನಲ್ಲಿ ಎಣಿಸುವಷ್ಟೇ. ಬೈನಾಕ್ಯುಲರ್ ಒಯ್ಯಬೇಕು, ಬೆಳಗ್ಗೆ ಬಂಡೆ ಕಾದು ಗಾಳಿ ಮೇಲೇಳುವ ಹೊತ್ತಿಗೆ ಅಲ್ಲಿರಬೇಕು.